ಮನೆ ನೋಡ್ಲಿಕ್ಕೆ ಬಂದವರು

ಮನೆ ತೋರಿಸುವ ಕೆಲಸದಲ್ಲಿ ವಾರಕ್ಕೊಮ್ಮೆಯಾದರೂ ಹೊಟ್ಟೆ ಹಿಡಿದು ನಗುವಂಥದ್ದು ನಡೆದೇ ನಡೆಯುತ್ತದೆ. ತೊಂದರೆ ಏನೆಂದರೆ, ಗಿರಾಕಿಯ ಎದುರು ನಗುವ ಹಾಗಿಲ್ಲ. ಮನೆಗೆ ಬಂದು, ಬಾಗಿಲು ಹಾಕಿಕೊಂಡು ನಗಬೇಕು.

ಮೊದಲು ನನಗೆ ಅಮ್ಮತ್ತಿಯಲ್ಲಿ ಟೈಲರಿಂಗ್ ಅಂಗಡಿ ಇತ್ತು. ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಡುತ್ತಾ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಒಬ್ಬಾಕೆ ಮನೆ ಮಾರಬೇಕು ಅಂದಳು, ಅದೇ ವಾರ ಇನ್ನೊಬ್ಬಾಕೆ ಮನೆ ಬೇಕು ಅಂದಳು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದೆ. ಅಲ್ಲಿಂದ ಕತ್ತರಿ ಕೆಳಗಿಟ್ಟು ಬೀಗದ ಕೈ ಹಿಡಿದವಳು ನಾನು. ಪೇಟೆ ದಾಟಿದ ಮೇಲೆ, ಕಾಫಿ ತೋಟದ ಅಂಚಿನಲ್ಲಿ ದುಡ್ಡಿದ್ದವರ ಒಂದು ಲೇಔಟ್ ಆಗಿದೆ. ಗೇಟು, ಸೆಕ್ಯುರಿಟಿ, ಒಂದೇ ಅಚ್ಚಿನ ಕೆಂಪು ಹೆಂಚಿನ ವಿಲ್ಲಾಗಳು. ಬೆಳಿಗ್ಗೆ ಕಾರು ಹತ್ತಿ ವಿರಾಜಪೇಟೆಗೋ ಮಡಿಕೇರಿಗೋ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುವ ಜನ. ನನ್ನ ವ್ಯಾಪಾರ ಹೆಚ್ಚಾಗಿ ಅಲ್ಲೇ.

ಬೆಟ್ಟ ಎಲ್ಲಿ?

ಮೈಸೂರಿನ ಗಂಡ ಹೆಂಡತಿ. ಹೆಂಡತಿಗೆ ಮನೆ ಹೇಗಿದ್ದರೂ ಸರಿ, ವ್ಯೂ ಬೇಕು. ಮಾರುವವರು ಫೋನಿನಲ್ಲಿ ಹೇಳಿದ್ದನ್ನೇ ನಾನು ಒಪ್ಪಿಸಿದೆ: "ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಬೆಟ್ಟ, ಮೇಡಂ."

ಅವರು ಬಂದ ದಿನ ಮಂಜು. ಎರಡನೇ ಸಲವೂ ಮಂಜು. ಮೂರನೇ ಸಲ ಬಾಲ್ಕನಿಯ ಕಂಬಿಯೂ ಕಾಣಲಿಲ್ಲ. ನಾನು ಮಂಜಿನೊಳಗೇ ಕೈ ತೋರಿಸಿ, "ಇಗೋ ಇಲ್ಲಿ ಬೆಟ್ಟ, ಅದರ ಕೆಳಗೆ ತೋಟ" ಎಂದು ವಿವರಿಸಿದೆ. ನಿಜ ಹೇಳಬೇಕೆಂದರೆ ಆ ಬೆಟ್ಟವನ್ನು ನಾನೂ ನೋಡಿರಲಿಲ್ಲ.

ನಾಲ್ಕನೇ ಸಲ ಬಿಸಿಲು ಬಂತು. ಮಂಜು ನಿಧಾನಕ್ಕೆ ಸರಿಯಿತು. ಮೂವರೂ ಉಸಿರು ಹಿಡಿದು ನಿಂತೆವು. ಎದುರಿಗೆ ಕಂಡದ್ದು ಮೊಬೈಲ್ ಟವರ್. ಅದರ ಹಿಂದೆ ಬೆಟ್ಟವೇನಾದರೂ ಇದ್ದರೂ ಟವರ್ ಅದನ್ನು ಕಾಣಲು ಬಿಡುತ್ತಿರಲಿಲ್ಲ.

ಈ ವ್ಯಾಪಾರ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಗಂಡ ಜೇಬಿನಿಂದ ಫೋನ್ ತೆಗೆದು ನೋಡಿದರು. ಮುಖ ಅರಳಿತು. "ಇಡೀ ಕೊಡಗಿನಲ್ಲಿ ಎಲ್ಲೂ ಸಿಗದ ಸಿಗ್ನಲ್ ಇಲ್ಲಿದೆ! ತಗೊಳ್ಳೋಣ."

"ಅಲ್ರೀ, ಬೆಟ್ಟ?" ಅಂದರು ಹೆಂಡತಿ.

"ಮೊಬೈಲ್‌ನಲ್ಲಿ ನೋಡ್ಕೊ. ಫುಲ್ ನೆಟ್‌ವರ್ಕ್ ಇದೆಯಲ್ಲ!"

ಜಿಗಣೆ

ಜೂನ್ ತಿಂಗಳು. ಮನೆಯ ಹಿಂದಿನ ಹುಲ್ಲು ದಾಟಿ ಹಿತ್ತಲು ತೋರಿಸುತ್ತಿದ್ದೆ. "ಇಲ್ಲಿ ಜಿಗಣೆ ಇದೆಯಾ?" ಅಂತ ಮೈಸೂರಿನಿಂದಲೇ ಬಂದಿದ್ದ ಇನ್ನೊಬ್ಬ ಮೇಡಂ ಕೇಳಿದರು.

"ಛೆ ಛೆ, ಈ ಲೇಔಟಲ್ಲಿ ಒಂದೂ ಇಲ್ಲ" ಅಂದೆ.

ಹಿಂದೆ ಬರುತ್ತಿದ್ದ ಅವರ ಯಜಮಾನರು ಪ್ಯಾಂಟು ಮಡಚಿ, ಕಾಲಿಗೆ ಕಚ್ಚಿದ್ದನ್ನು ನಿಧಾನಕ್ಕೆ ಕಿತ್ತು ನನಗೆ ತೋರಿಸಿದರು. "ಹಾಗಾದ್ರೆ ಇದು ಮೈಸೂರಿಂದ ನಮ್ಮ ಕಾರಲ್ಲೇ ಬಂದಿರ್ಬೇಕು."

ಆನೆ ಬರಲಿಲ್ಲ

ಒಂದು ವಿಲ್ಲಾ ಮೇಲೆ ಪಕ್ಕದ ಮನೆಯವರಿಗೆ ಕಣ್ಣು. ತಮ್ಮ ಭಾವಮೈದುನನಿಗೆ ಅದು ಸಿಗಲಿ ಅಂತ. ಹಾಗಾಗಿ ಯಾರೇ ನೋಡಲು ಬರಲಿ, ಇವರು ಬೇಲಿಯ ಹತ್ತಿರ ಬಂದು ಏನಾದರೊಂದು ಹೇಳಿ ಓಡಿಸುತ್ತಿದ್ದರು. ಒಬ್ಬರಿಗೆ ನೀರಿಲ್ಲ ಅಂದರು, ಇನ್ನೊಬ್ಬರಿಗೆ ಗೋಡೆ ಬಿರುಕು ಬಿಟ್ಟಿದೆ ಅಂದರು. ಮೂವರು ಗಿರಾಕಿಗಳು ಹೀಗೆ ಕೈ ತಪ್ಪಿದರು.

ನಾಲ್ಕನೆಯವರು ಬೆಂಗಳೂರಿನ ಒಬ್ಬ ಮೇಡಂ. ವಿರಾಜಪೇಟೆಯ ಕಾಲೇಜಿನಲ್ಲಿ ಪಾಠ ಮಾಡಲು ಹೊಸದಾಗಿ ಬಂದವರು. ಇವರಿಗೆ ಪಕ್ಕದ ಮನೆಯವರು ದೊಡ್ಡ ಬಾಣವನ್ನೇ ಬಿಟ್ಟರು. "ಆನೆ ಬರ್ತದೆ ಮೇಡಂ. ವಾರಕ್ಕೆರಡು ಸಲ. ಈ ಗೇಟಿನ ಹತ್ತಿರವೇ ನಿಲ್ತದೆ."

ನಮ್ಮ ಕಡೆ ಆನೆ ಅಂದರೆ ತಮಾಷೆಯಲ್ಲ. ಬೆಳಗಾಗುತ್ತಲೇ ತೋಟದ ಕೆಲಸಕ್ಕೆ ನಡೆದು ಹೋಗುವವರು ಜೀವ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು, "ನಿಜವಾಗ್ಲೂ? ಇಲ್ಲೇ? ಮರಿ ಕೂಡ ಬರುತ್ತಾ?" ಅಂದರು. ಅಲ್ಲೇ ನಿಂತು ಅಡ್ವಾನ್ಸ್ ಕೊಟ್ಟರು. ಪಕ್ಕದ ಮನೆಯವರ ಮುಖ ನೋಡಬೇಕಿತ್ತು.

ಮೂರು ತಿಂಗಳಾದ ಮೇಲೆ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟು. ನಲ್ಲಿಯೋ ಕರೆಂಟೋ ಕೆಟ್ಟಿರಬೇಕು ಅಂದುಕೊಂಡೆ.

"ಅಕ್ಕ, ಇವತ್ತಿನವರೆಗೆ ಒಂದೇ ಒಂದು ಆನೆ ಬಂದಿಲ್ಲ. ಇದಕ್ಕೆ ಯಾರಿಗೆ ಕಂಪ್ಲೇಂಟ್ ಕೊಡಬೇಕು?"

ಮನೆಯ ಜೊತೆ ಏನೇನು ಬರುತ್ತದೆ?

ಮನೆ ಮಾರುತ್ತಿದ್ದವರು ಒಬ್ಬ ಕೊಡವ ಆಂಟಿ. ಮಗಳ ಮನೆ ಹತ್ತಿರವಾಗಲಿ ಅಂತ ಮಡಿಕೇರಿಯಲ್ಲಿ ಬೇರೆ ಮನೆ ನೋಡಿಕೊಂಡಿದ್ದರು. ಅವರ ಒಂದೇ ದೋಷವೆಂದರೆ, ಬಂದವರನ್ನು ಉಣಿಸದೆ ಕಳಿಸುವುದಿಲ್ಲ. ಮೊದಲ ಭಾನುವಾರ ಬಂದ ಮಂಡ್ಯ ಕಡೆಯ ಇಂಜಿನಿಯರ್ ಸಂಸಾರಕ್ಕೆ ಹಂದಿ ಮಾಂಸದ ಪಂದಿಕರಿ, ಅಕ್ಕಿ ಉಂಡೆಯ ಕಡಂಬುಟ್ಟು. ಎರಡನೇ ಭಾನುವಾರ "ಮಹಡಿಯ ಅಳತೆ ತಗೊಳ್ಬೇಕಿತ್ತು" ಅಂತ ಬಂದರು. ಕೋಳಿ ಕರಿ, ಅಕ್ಕಿ ಶಾವಿಗೆಯ ನೂಪುಟ್ಟು. ಮೂರನೇ ಭಾನುವಾರ ಅಳತೆ ಸರಿ ಉಂಟಾ ನೋಡಲು ಬಂದರು. ಜೊತೆಗೆ ಅತ್ತೆ, ಮಾವ, ಅತ್ತೆಯ ತಂಗಿ.

ನಾನು ಆಂಟಿಯನ್ನು ಅಡುಗೆಮನೆಗೆ ಕರೆದು, "ಇವರು ತಗೊಳ್ಳುವವರಲ್ಲ ಆಂಟಿ, ತಿನ್ನುವವರು" ಅಂದೆ.

"ಹೋಗಲಿ ಬಿಡು, ಹೊಟ್ಟೆ ತುಂಬಾ ತಿಂತಾರಲ್ಲ" ಅಂದರು ಆಂಟಿ, ಒಲೆಯ ಮೇಲಿನ ಪಾತ್ರೆಯಿಂದ ಕಣ್ಣು ತೆಗೆಯದೆ.

ಅಂತೂ ಐದನೇ ಭಾನುವಾರ ಅವರು ಒಪ್ಪಿದರು. ಅಗ್ರಿಮೆಂಟ್ ಬರೆಯುವಾಗ ನಾನು ಓದಿ ಹೇಳಿದೆ: "ಮನೆಯ ಜೊತೆ ಫ್ಯಾನು, ಗೀಸರು, ಕಪಾಟು, ಅಡುಗೆಮನೆಯ ಚಿಮಣಿ ಎಲ್ಲ ಬರ್ತದೆ."

ಇಂಜಿನಿಯರ್ ಪೆನ್ನು ತೆರೆದವರು ಹಾಗೇ ನಿಂತರು. "ಆಂಟಿ ಬರೋದಿಲ್ವಾ?"

ಹದಿನಾರೋ ಹತ್ತೊಂಬತ್ತೋ

ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ.

ಸೋಮವಾರಪೇಟೆಯ ಏಲಕ್ಕಿ ಬೆಳೆಗಾರರೊಬ್ಬರು, ಅವರ ಹೆಂಡತಿ, ವಿರಾಜಪೇಟೆಯಲ್ಲಿ ಡಾಕ್ಟರಾಗಿರುವ ಮಗ. ಮಗನಿಗೊಂದು ಮನೆ ಬೇಕಿತ್ತು. ನಾನು ತೋರಿಸಬೇಕಿದ್ದದ್ದು ಹತ್ತೊಂಬತ್ತನೇ ವಿಲ್ಲಾ. ಎಲ್ಲವೂ ಒಂದೇ ಅಚ್ಚು ಅಂದೆನಲ್ಲ, ಹದಿನಾರರ ಮುಂದೆ ನಿಂತೆ. ಬೀಗದ ಕೈ ತೆಗೆಯುವಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು. ಬಿಳಿ ಪಂಚೆಯ ಹಿರಿಯರೊಬ್ಬರು ಕೈ ಮುಗಿದು, "ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಾ ಇದ್ದೆವು" ಅಂದರು. ಮಾರುವವರ ನೆಂಟರು ಇರಬೇಕೆಂದು ನಾನು ನಗುತ್ತಾ ಒಳಗೆ ಹೋದೆ.

ಆ ಹಿರಿಯರು ಬಾಳೆಲೆ ಕಡೆಯ ರಿಟೈರ್ಡ್ ಹೆಡ್‌ಮೇಷ್ಟ್ರು. ಆ ವಾರವಷ್ಟೇ ಲೇಔಟಿಗೆ ಬಂದವರು. ಅವತ್ತು ಮಗಳನ್ನು ನೋಡಲು ಗಂಡಿನ ಕಡೆಯವರನ್ನು ಒಬ್ಬ ಮದುವೆ ಬ್ರೋಕರಮ್ಮ ಕರೆತರುವುದಿತ್ತು. ಅವಳನ್ನು ಇವರು ಫೋನಿನಲ್ಲಿ ಮಾತಾಡಿಸಿದ್ದರೇ ಹೊರತು ಮುಖ ನೋಡಿರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಕಾಫಿ ಬಂತು. ಮನೆ ಮಾರುವವರು ಇಷ್ಟು ಉಪಚಾರ ಮಾಡ್ತಾರಲ್ಲ ಅಂತ ಬೆಳೆಗಾರರಿಗೆ ಖುಷಿ. ಲೋಟ ಇಟ್ಟು, "ನೇರವಾಗೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಷ್ಟು ವರ್ಷ ಆಯ್ತು?" ಅಂದರು.

"ಬರುವ ತಿಂಗಳಿಗೆ ಇಪ್ಪತ್ತಾರು" ಅಂದರು ಮೇಷ್ಟ್ರು.

ನನಗೆ ಗಾಬರಿ. ಆರು ವರ್ಷದ ಮನೆ ಅಂತ ನಾನು ಹೇಳಿದ್ದೆ. ಬೆಳೆಗಾರರು ಗೋಡೆ, ಹೆಂಚಿನ ಮಾಡು ಎಲ್ಲ ಒಮ್ಮೆ ನೋಡಿ, "ಅಷ್ಟು ಹಳೇದು ಅಂತ ಅನ್ಸೋದಿಲ್ಲ ಬಿಡಿ. ಚೆನ್ನಾಗಿ ಇಟ್ಕೊಂಡಿದ್ದೀರಿ. ಮುಂಚೆ ಯಾರಾದ್ರೂ ನೋಡ್ಕೊಂಡು ಹೋಗಿದ್ದಾರಾ?" ಅಂದರು.

ಮೇಷ್ಟ್ರ ಮುಖ ಸಣ್ಣದಾಯಿತು. "ಇಬ್ಬರು ಬಂದಿದ್ರು. ನಾವೇ ಬೇಡ ಅಂದೆವು."

"ಒಳ್ಳೇದು. ಕೊನೇ ಪ್ರಶ್ನೆ. ಮಳೆಗಾಲದಲ್ಲಿ ಎಲ್ಲಾದ್ರೂ ಸೋರುತ್ತಾ?"

ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಅಷ್ಟರಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಮಗಳು ಬಂದಳು. ವಿರಾಜಪೇಟೆಯ ಕೋರ್ಟಿನಲ್ಲಿ ಲಾಯರು ಆ ಹುಡುಗಿ. ನನ್ನ ಕೈಯಲ್ಲಿದ್ದ ಬೀಗದ ಕೈಯನ್ನೂ ಅದಕ್ಕೆ ಕಟ್ಟಿದ್ದ ಹತ್ತೊಂಬತ್ತರ ಚೀಟಿಯನ್ನೂ ಒಂದು ಸಲ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ತಟ್ಟೆಯನ್ನು ಡಾಕ್ಟರ ಕೈಗೆ ಕೊಟ್ಟು, ಗಂಭೀರವಾಗಿ, "ಇಲ್ಲ ಅಂಕಲ್. ಇಪ್ಪತ್ತಾರು ಮಳೆಗಾಲ ಕಳೆದೆ, ಇನ್ನೂ ಎಲ್ಲೂ ಸೋರಿಲ್ಲ" ಅಂದಳು.

ಡಾಕ್ಟರಿಗೆ ನಗು ತಡೆಯಲಾಗದೆ ಉಪ್ಪಿಟ್ಟು ನೆತ್ತಿಗೇರಿತು. ಆಗಲೇ ಹೊರಗೆ ಕಾರಿನ ಹಾರನ್ನು. ನಿಜವಾದ ಗಂಡಿನ ಕಡೆಯವರು! ನಾನು ಎಲ್ಲರಿಗೂ ಕೈ ಮುಗಿದು ನನ್ನ ಗಿರಾಕಿಗಳನ್ನು ಹಿಂದಿನ ಬಾಗಿಲಿನಿಂದ ಹೊರಡಿಸಿದೆ. ಡಾಕ್ಟರು ತಟ್ಟೆ ಕೆಳಗಿಡಲು ಮರೆತು ಹಾಗೇ ಮನೆ ಸುತ್ತಿ ಗೇಟಿಗೆ ಬಂದರು. ಕಾರಿನಿಂದ ಇಳಿಯುತ್ತಿದ್ದವರು ಅವರನ್ನು ಕಣ್ಣು ತುಂಬಾ ನೋಡಿದರು. ತಮಗಿಂತ ಮೊದಲೇ ಬೇರೆ ಗಂಡು ಬಂದು ಉಪ್ಪಿಟ್ಟು ತಿಂದು ಹೋಯಿತು ಅಂದುಕೊಂಡರು, ಆ ಸಂಬಂಧ ಅಲ್ಲಿಗೇ ಮುರಿಯಿತು.

ಹತ್ತೊಂಬತ್ತನ್ನು ಹೇಗೋ ತೋರಿಸಿ ನನ್ನ ಗಿರಾಕಿಗಳನ್ನು ಕಳಿಸಿದೆ. ಆದರೆ ಒಂದು ಹೆಣ್ಣಿನ ಮದುವೆ ಕೆಡಿಸಿದೆನಲ್ಲ ಎಂದು ನನಗೆ ಊಟ ಸೇರಲಿಲ್ಲ. ನಾಲ್ಕು ದಿನ ಆ ದಾರಿಯಲ್ಲೇ ಹೋಗಲಿಲ್ಲ. ಐದನೇ ದಿನ ಡಾಕ್ಟರ ತಾಯಿ ಫೋನ್ ಮಾಡಿದರು. "ಅವತ್ತು ಮೊದಲು ನೋಡಿದೆವಲ್ಲ, ಅದನ್ನ ಒಂದು ಮಾತು ವಿಚಾರಿಸು."

"ಅಮ್ಮ, ಆ ಮನೆ ಮಾರಾಟಕ್ಕಿಲ್ಲ. ಹತ್ತೊಂಬತ್ತು ಮಾತ್ರ."

"ಮನೇನ ಅವರೇ ಇಟ್ಕೊಳ್ಳಲಿ ಕಣವ್ವ. ಹುಡುಗೀನ ಕೇಳು."

ಹೆದರಿ ಹೆದರಿ ಹದಿನಾರಕ್ಕೆ ಹೋದೆ. ಮೇಷ್ಟ್ರು ಬೈಯಲಿಲ್ಲ. "ನಾನು ಹೇಳುವುದೇನುಂಟು, ಅವಳನ್ನೇ ಕೇಳಿ" ಅಂದರು. ಹುಡುಗಿ ಗೇಟಿನವರೆಗೂ ನನ್ನ ಜೊತೆ ಬಂದಳು. ಮೊದಲು ಕ್ಷಮೆ ಕೇಳಿದೆ. "ಒಳ್ಳೇದೇ ಆಯ್ತು ಅಕ್ಕ, ಆ ಗಂಡಿನ ಕಡೆಯವರು ನಾನು ಕೋರ್ಟಿಗೆ ಹೋಗೋದು ಬಿಡ್ಬೇಕು ಅಂದಿದ್ರು" ಅಂದಳು. ಆಮೇಲೆ ಡಾಕ್ಟರ ವಿಷಯ ಹೇಳಿದೆ. ಹತ್ತೊಂಬತ್ತರ ಕಡೆ ತಿರುಗಿ ಅದರ ಹೆಂಚನ್ನು ಒಮ್ಮೆ ನೋಡಿದಳು.

"ಮೊದಲು ಆ ಮನೆ ತಗೊಂಡು ಇಲ್ಲೇ ಬಂದು ಇರಲಿ ಅಂತ ಹೇಳಿ ಅಕ್ಕ. ಕೊಡಗಿನಲ್ಲಿ ಏನೇ ಒಪ್ಪೋದಾದ್ರೂ ಒಂದು ಮಳೆಗಾಲ ನೋಡಿಯೇ ಒಪ್ಪಬೇಕು."