ವಡೆಯ ಮೇಲೆ ಕೂತ ಚುಕ್ಕಿ

ಹೈದರ್: ಅದು ಧೂಳು ಕಣಮ್ಮಾ.

ಲಕ್ಷ್ಮೀದೇವಮ್ಮ: ಧೂಳಾ? ನಮ್ಮನೇಲಾ?

ತೂಬಗೆರೆಯ ಲಕ್ಷ್ಮೀದೇವಮ್ಮ ಡಿಜಿಟಲ್ ಕ್ಯಾಮೆರಾವನ್ನು ಮೊದಲ ಸಲ ಕಂಡದ್ದು ತೊಂಬತ್ತೊಂಬತ್ತನೇ ಇಸವಿಯ ಮಹಾಲಯ ಅಮಾವಾಸ್ಯೆಯ ದಿನ. ಕಂಡ ಕೂಡಲೇ ಜಗಳವೂ ಶುರುವಾಯಿತು. ತೀರಿಹೋದ ಗಂಡನ ಪಟದ ಮುಂದೆ ಹೊಸ ಪಂಚೆ ಮಡಚಿಟ್ಟು, ಬಾಳೆಲೆಗೆ ವಡೆ, ಪಾಯಸ, ಕಜ್ಜಾಯ ಬಡಿಸಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಜಗಲಿಯಲ್ಲಿ ಕಾದಿದ್ದರು. ಬಾಗಿಲು ತೆರೆದ ಮೇಲೆ ಎಡೆಯ ಪಕ್ಕ ಕೂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ದೊಡ್ಡಬಳ್ಳಾಪುರದ ಸ್ಟುಡಿಯೋ ಹೈದರ್ ಹೊಸಿಲಾಚೆ ನಿಂತು ಫ್ಲ್ಯಾಷ್ ಹೊಡೆದ. ಕ್ಯಾಮೆರಾದ ಬೆನ್ನಿನ ಪುಟ್ಟ ಗಾಜಿನಲ್ಲಿ ಅಲ್ಲೇ ಫೋಟೋ ಮೂಡಿತು. ವಡೆಗೆ ಸರಿಯಾಗಿ ಒಂದು ದುಂಡನೆಯ ಬಿಳಿ ಚುಕ್ಕಿ.

ಹೈದರ್: ಗಾಳೀಲಿ ಸಣ್ಣ ಧೂಳು ತೇಲ್ತಾ ಇರ್ತದಮ್ಮಾ. ಲೆನ್ಸ್ ಹತ್ರ ಬಂದಾಗ ಅದಕ್ಕೆ ಫ್ಲ್ಯಾಷ್ ಬಿದ್ರೆ ಹಿಂಗೆ ದುಂಡಗೆ ಹೊಳೀತದೆ. ಈ ಹೊಸಾದ್ರಲ್ಲಿ ಫ್ಲ್ಯಾಷೂ ಲೆನ್ಸೂ ಒಂದಕ್ಕೊಂದು ಅಂಟ್ಕೊಂಡವೆ, ಅದಕ್ಕೆ ಜಾಸ್ತಿ.

ಲಕ್ಷ್ಮೀದೇವಮ್ಮ: ಕೋಳಿ ಕೂಗೋಕ್ ಮುಂಚೆ ಎದ್ದು ತೊಲೆ ಮೇಲಿಂದ ಹಿಡಿದು ಗುಡಿಸಿ ಸಾರಿಸಿದೀನಿ. ನಿನ್ನ ಮಿಷೀನೇ ಕೊಳಕು. ಒರೆಸು.

ಹೈದರ್ ಒರೆಸಿದ.

ಲಕ್ಷ್ಮೀದೇವಮ್ಮ: ಮೂಲೆ ಬಿಟ್ಟೆ.

ಮಾತು ಏರಿದ್ದು ಕೇಳಿ ಪಕ್ಕದ ಮನೆಯ ಮುನಿಗಂಗಮ್ಮ ಕೈಯ ಹಿಟ್ಟು ಕೂಡ ತೊಳೆಯದೆ ಓಡಿಬಂದಳು.

ಮುನಿಗಂಗಮ್ಮ: ಏನಕ್ಕಾ ಗಲಾಟೆ?

ಲಕ್ಷ್ಮೀದೇವಮ್ಮ: ನಮ್ಮನೇಲಿ ಧೂಳಂತೆ ಕಣೇ!

ಮುನಿಗಂಗಮ್ಮ: ಅಯ್ಯೋ, ನಿಮ್ಮನೆಗೆ ನೊಣಾನೂ ಕಾಲು ತೊಳ್ಕೊಂಡ್ ಬರ್ತದೆ. ಎಲ್ಲಿ ತೋರ್ಸಪ್ಪಾ... ಅಕ್ಕಾ, ವಡೆ ಮೇಲೆ ಕೂತೈತಲ್ಲ! ಇವತ್ತು ಯಾವ ದಿನ ಹೇಳಿ? ಭಾವ ಬಂದವ್ರೆ ಕಣಕ್ಕಾ!

ಲಕ್ಷ್ಮೀದೇವಮ್ಮ ಕನ್ನಡಕ ಏರಿಸಿ ಗಾಜಿಗೆ ಮೂಗು ತಾಗುವಷ್ಟು ಬಾಗಿದರು. ಧ್ವನಿ ತಗ್ಗಿತು.

ಲಕ್ಷ್ಮೀದೇವಮ್ಮ: ಇಷ್ಟ್ ವರ್ಷ ಬಾಗಿಲು ಮುಚ್ಚಿ ಕಾದೆ. ಬಂದ್ರೋ ಇಲ್ವೋ, ಒಂದು ಗುರುತು ಇರ್ಲಿಲ್ಲ. ನೋಡೇ, ಕಜ್ಜಾಯ ಬಿಟ್ಟು ವಡೆಗೇ ಹೋಗವ್ರೆ. ಅವರೇ.

ಹೈದರ್: ಅಮ್ಮಾ, ಅದು ಧೂ...

ಲಕ್ಷ್ಮೀದೇವಮ್ಮ: ಬಾಯ್ಮುಚ್ಚು. ಈಗ ನೋಡು. ಧೂಳಾದ್ರೆ ಹೋಗ್ಬೇಕು, ಅವರಾದ್ರೆ ಇರ್ಬೇಕು.

ಎಡೆಯ ಮುಂದೆ ಪೊರಕೆ ಮುಟ್ಟುವಂತಿಲ್ಲ. ಹಗ್ಗದ ಮೇಲಿದ್ದ ಟವಲ್ ಎಳೆದುಕೊಂಡು ಪಟ, ತೊಲೆ, ಕಿಟಕಿ ಎಲ್ಲಕ್ಕೂ ಪಟಪಟನೆ ಬೀಸಿದರು. ಕೊನೆಗೆ ಗಾಳಿಯನ್ನೇ ಒರೆಸಿದರು. ಹೈದರ್ ಮತ್ತೆ ಫ್ಲ್ಯಾಷ್ ಹೊಡೆದ. ಗಾಜಿನ ತುಂಬ ಚುಕ್ಕಿಗಳು, ಮಂಡಕ್ಕಿ ಚೆಲ್ಲಿದ ಹಾಗೆ.

ಹೈದರ್: ನೀವು ಬೀಸಿದ್ದಕ್ಕೇ ಎದ್ದಿದ್ದಮ್ಮಾ ಇದೆಲ್ಲ!

ಲಕ್ಷ್ಮೀದೇವಮ್ಮ: ಒರೆಸಿದ್ರೆ ಧೂಳು ಕಮ್ಮಿ ಆಗ್ತದೋ ಜಾಸ್ತಿ ಆಗ್ತದೋ? ಅಷ್ಟು ತಿಳಿಯಲ್ವಾ?

ಮುನಿಗಂಗಮ್ಮ: ಆದ್ರೂ ಅಕ್ಕಾ, ಭಾವ ಒಬ್ರೇ ಅಲ್ವಾ?

ಲಕ್ಷ್ಮೀದೇವಮ್ಮ: ಅವರು ಯಾವತ್ತು ಊಟಕ್ಕೆ ಒಬ್ರೇ ಬಂದವ್ರೆ ಹೇಳು? ಸಂತೆಗೆ ಹೋದ್ರೂ ಹೇಳ್ದೆ ಕೇಳ್ದೆ ನಾಕು ಜನಾನ ಕಟ್ಕೊಂಡ್ ಬರೋರು. ಕಟ್ಟು ಹಾಕ್ಸಪ್ಪಾ ಇದಕ್ಕೆ. ನಮ್ಮ ನೆಂಟರೆಲ್ಲ ನೋಡ್ಬೇಕು.

ಮುನಿಗಂಗಮ್ಮನಿಗೂ ಆಸೆ ಹುಟ್ಟಿತು. ಹೈದರನನ್ನು ತನ್ನ ಮನೆಗೆ ಎಳೆದೊಯ್ದು, ಸೆರಗು ಸರಿಮಾಡಿಕೊಂಡು ನಡುಮನೆಯಲ್ಲಿ ನಿಂತಳು. ಲಕ್ಷ್ಮೀದೇವಮ್ಮ ಹಿಂದೆಯೇ ಬಂದರು. ಫ್ಲ್ಯಾಷ್ ಮಿಂಚಿತು.

ಮುನಿಗಂಗಮ್ಮ: ಅಕ್ಕಾ! ನಮ್ಮನೇಗೂ ಬಂದವ್ರೆ! ನೋಡಿ, ಸೀದಾ ಭುಜದ ಮೇಲೇ ಕೂತವ್ರೆ!

ಲಕ್ಷ್ಮೀದೇವಮ್ಮ: ಯಾರೇ ಬಂದಿರೋದು? ನಿಮ್ಮನೆ ಹಿರಿಯರಿಗೆ ಎಡೆ ಇಡೋದು ದೀಪಾವಳಿಗಲ್ವಾ?

ಮುನಿಗಂಗಮ್ಮ: ಹೂಂ ಅಕ್ಕಾ. ನಮ್ಮೋರು ಕರೀದೆ ಬರಲ್ಲ.

ಲಕ್ಷ್ಮೀದೇವಮ್ಮ: ಮತ್ತೆ?

ಮುನಿಗಂಗಮ್ಮ: ಇವತ್ತು ಈ ಬೀದೀಲಿ ಎಡೆ ಇಟ್ಟಿರೋರು ನೀವೊಬ್ರೇ...

ಹೈದರ್ ಕೆಮ್ಮಿ ಸೂರು ನೋಡಿದ. ಲಕ್ಷ್ಮೀದೇವಮ್ಮ ಗಾಜನ್ನು ನೋಡಿದರು, ಮುನಿಗಂಗಮ್ಮನ ಭುಜ ನೋಡಿದರು, ಮತ್ತೆ ಗಾಜನ್ನು ನೋಡಿದರು.

ಲಕ್ಷ್ಮೀದೇವಮ್ಮ: ಧೂಳು.

ಮುನಿಗಂಗಮ್ಮ: ನಾನೂ ಗುಡಿಸಿದೀನಕ್ಕಾ!

ಲಕ್ಷ್ಮೀದೇವಮ್ಮ: ಏನ್ ಗುಡಿಸ್ದೆ? ಹಿಟ್ಟಿನ ಕೈಯಲ್ಲಿ ಊರೆಲ್ಲ ಸುತ್ತೋಳು. ಆ ಹುಡುಗ ಆಗ್ಲಿಂದ ಬಾಯಿ ಬಡ್ಕೋತಾವ್ನೆ, ಗಾಳೀಲಿ ತೇಲ್ತದೆ, ಬೆಳಕು ಬಿದ್ರೆ ಹೊಳೀತದೆ ಅಂತ. ಓದಿದೋರ ಮಾತು ಕೇಳ್ಬೇಕು ಕಣೇ. ಅಳಿಸಪ್ಪಾ ಹೈದರ್, ಅವಳ ಭುಜದ ಮೇಲಿಂದ ಅಳಿಸು ಮೊದಲು!

ಹೈದರ್: ಅಳಿಸ್ತೀನಮ್ಮಾ. ಹಂಗಾದ್ರೆ ನಿಮ್ಮನೇಲಿ ಬಂದಿದ್ದೂ...

ಲಕ್ಷ್ಮೀದೇವಮ್ಮ: ಅದು ಅವರೇ. ಈ ಗೋಡೆಯಿಂದ ಆಚೆ ಅವರು, ಈಚೆ ಧೂಳು. ಇದ್ರಲ್ಲಿ ತಿಳೀದೇ ಇರೋದೇನೈತೆ?

ಹೈದರ್ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ. ಬೀದಿಗಿಳಿದವನು ಅನುಮಾನ ತಾಳದೆ ಹಿಂದಿರುಗಿ ಬಂದು ಕೈ ಮುಗಿದ.

ಹೈದರ್: ಅಮ್ಮಾ, ನಿನ್ನೆ ನಮ್ಮ ಮನೆಯೋಳು ಬಶೀರುನ್ನೀಸಾದೂ ಒಂದು ತೆಗ್ದಿದೀನಿ, ಅಡುಗೆಮನೇಲಿ. ಎರಡು ಚುಕ್ಕಿ ಬಂದವೆ. ಧೂಳು ಅಂದ್ರೂ ನನಗೆ ರಾತ್ರಿ ಊಟ ಇಲ್ಲ, ಯಾರು ಬಂದಿದ್ರು ಅಂತ ಕೇಳಿದ್ರೂ ಊಟ ಇಲ್ಲ. ನಾನು ಏನಂತ ಹೇಳ್ಲಮ್ಮಾ?