ಟೀಪಾಟಿನ ಡ್ರ್ಯಾಗನ್ನೂ ನನ್ನ ಧರ್ಮಯುದ್ಧವೂ

ಒಂದು ದೊಡ್ಡ ಕಂಪನಿ ನನ್ನ ಮೇಲೆ ಯುದ್ಧ ಸಾರಿದೆ ಎಂಬ ಸಂಗತಿ ನನಗೆ ತಿಳಿದದ್ದು ಒಂದು ಮಂಗಳವಾರ ಬೆಳಿಗ್ಗೆ, ಎರಡನೆಯ ಟೋಸ್ಟಿಗೆ ಮಾರ್ಮಲೇಡ್ ಸವರುತ್ತಿದ್ದಾಗ. ಬಾಗಿಲ ಸಂದಿಯಿಂದ ಬಿದ್ದ ಲಕೋಟೆ ಎಷ್ಟು ದಪ್ಪವಿತ್ತೆಂದರೆ ನಮ್ಮ ಬೆಕ್ಕು ಹೆದರಿ ಮಹಡಿ ಹತ್ತಿತು.

ಮೂವತ್ತೇಳು ವರ್ಷ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಏರಿಳಿತದ ರಸ್ತೆಗಳಲ್ಲಿ ಬಸ್ಸು ಓಡಿಸಿದವನು ನಾನು. ಅಷ್ಟು ವರ್ಷಗಳಲ್ಲಿ ನನ್ನ ಹೆಸರಿಗೆ ಬಂದ ಪತ್ರಗಳೆಂದರೆ ಹಲ್ಲಿನ ಡಾಕ್ಟರದು ಮಾತ್ರ. ಕ್ರಿಸ್‌ಮಸ್ ಕಾರ್ಡಿನ ಮೇಲೂ ನೆಂಟರು "ಮ್ಯೂರಿಯಲ್ ಮತ್ತು ಮನೆಯವರಿಗೆ" ಎಂದೇ ಬರೆಯುತ್ತಾರೆ (ಮನೆಯವರು ಎಂದರೆ ನಾನು ಮತ್ತು ಬೆಕ್ಕು). ಅಂಥವನಿಗೆ ಲಂಡನ್ನಿನಿಂದ, ವಕೀಲರ ಸಹಿ ಹೊತ್ತ ಪತ್ರ!

"ಮ್ಯೂರಿಯಲ್, ಇಲ್ಲಿ ಬಾ. ನಂಗೆ ನೋಟಿಸು ಬಂದಿದೆ!"

"ಏನು ಮಾಡ್ಕೊಂಡೆ?" ಎಂದಳು ನನ್ನ ಹೆಂಡತಿ, ಅಡುಗೆಮನೆಯಿಂದ. ಏನಾಯಿತು ಎಂದು ಕೇಳಲಿಲ್ಲ. ನಲವತ್ತು ವರ್ಷದ ದಾಂಪತ್ಯದಲ್ಲಿ ಆ ಪ್ರಶ್ನೆಯ ಅಗತ್ಯ ಅವಳಿಗೆ ಬಿದ್ದಿಲ್ಲ.

ನಾನು ಮಾಡಿಕೊಂಡದ್ದು ಇಷ್ಟೇ. ಬೆನ್ನುನೋವಿನಿಂದ ನಿವೃತ್ತನಾದ ಮೇಲೆ ಮಗಳು ಬೆವರ್ಲಿ ತನ್ನ ಹಳೆಯ ಕಂಪ್ಯೂಟರನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಅದರೊಳಗೆ 'ಸ್ಮೌಲ್ಡರ್‌ಡೇಲ್' ಎಂಬ ಆಟವಿತ್ತು. ಡ್ರ್ಯಾಗನ್ನುಗಳ ಕಣಿವೆ, ಹನ್ನೆರಡು ಹಳ್ಳಿ, ಜೌಗು, ಸುರಂಗ, ಎಲ್ಲವೂ ಇದ್ದವು. ಒಂದು ಮಾತ್ರ ಇರಲಿಲ್ಲ. ಅಷ್ಟು ದೊಡ್ಡ ರಾಜ್ಯಕ್ಕೆ ಒಂದೇ ಒಂದು ಸಾರಿಗೆ ವ್ಯವಸ್ಥೆಯಿರಲಿಲ್ಲ! ಜನ ಎಲ್ಲಿಗೆ ಹೋಗಬೇಕೆಂದರೂ ನಡೆದೇ ಸಾಯಬೇಕು. ಬಸ್ಸಿನವನ ಕರುಳು ಚುರ್ ಎಂದಿತು. ಹಾಗಾಗಿ ಆ ಕಣಿವೆಯ ನಕ್ಷೆಗಳನ್ನು ಬರೆದೆ, ಮಾರ್ಗಗಳಿಗೆ ಸಂಖ್ಯೆ ಕೊಟ್ಟೆ, ಎಲ್ಲಿ ಇಳಿಯಬೇಕು, ಎಲ್ಲಿ ಡ್ರ್ಯಾಗನ್ ಅಡ್ಡ ಬರುತ್ತದೆ ಎಂದೆಲ್ಲ ವಿವರಿಸಿದೆ. ಆಟದ ಹೆಸರನ್ನೇ ವಿಳಾಸ ಮಾಡಿಕೊಂಡು ಒಂದು ವೆಬ್‌ಸೈಟ್ ತೆರೆದು ಎಲ್ಲವನ್ನೂ ಅಲ್ಲಿಗೆ ಏರಿಸಿದೆ. ಇಂಟರ್‌ನೆಟ್ಟು ಇನ್ನೂ ಫೋನಿನ ತಂತಿಯಲ್ಲಿ ಕೀಚ್ ಕೀಚ್ ಎಂದು ಕಿರುಚಿಕೊಂಡು ಬರುತ್ತಿದ್ದ ಕಾಲ ಅದು. ಅಂಥ ಕಾಲದಲ್ಲೂ ದಿನಕ್ಕೆ ಸಾವಿರ ಜನ ನನ್ನ ಸೈಟಿಗೆ ಬರುತ್ತಿದ್ದರು. ಪುಟದ ಕೆಳಗಿನ ಎಣಿಕೆಯ ಯಂತ್ರ ಹೊಸ ಬಸ್ಸಿನ ಮೀಟರಿನಂತೆ ಓಡುತ್ತಿತ್ತು.

ಸೈಟಿನ ಒಂದು ಮೂಲೆಯನ್ನು ಮ್ಯೂರಿಯಲ್‌ಗೂ ಬಿಟ್ಟುಕೊಟ್ಟಿದ್ದೆ (ದೊಡ್ಡ ಮನಸ್ಸು ನನ್ನದು). ಅವಳು ಟೀ ಆರದಿರಲೆಂದು ಟೀಪಾಟಿಗೆ ತೊಡಿಸುವ ಉಣ್ಣೆಯ ಕುಲಾವಿಗಳನ್ನು ಹೆಣೆಯುತ್ತಾಳೆ. ಆಟದಲ್ಲಿ ಬರುವ ಗ್ರಂಬಲ್ ಎಂಬ ಹಸಿರು ಡ್ರ್ಯಾಗನ್ನಿನ ಆಕಾರದಲ್ಲಿ ಒಂದು ಹೆಣೆದಿದ್ದಳು. ಪಾಟಿನ ಮೂತಿ ಸರಿಯಾಗಿ ಅದರ ಬಾಯಿಂದ ಹೊರಬರುತ್ತದೆ. ಟೀ ಬಗ್ಗಿಸಿದರೆ ಡ್ರ್ಯಾಗನ್ ಹೊಗೆಯುಗುಳಿದ ಹಾಗೆ ಕಾಣುತ್ತದೆ. ಯಾರಾದರೂ ಕೇಳಿದರೆ ಹೆಣೆದು ಕಳಿಸುತ್ತಿದ್ದಳು. ಹೆಂಗಸರ ಹವ್ಯಾಸ, ಇರಲಿ ಎಂದುಕೊಂಡಿದ್ದೆ.

ಪತ್ರ ಬರೆದಿದ್ದು ಆ ಆಟದ ಒಡೆಯರಾದ ಪ್ಯೂಟರ್‌ಹಿಲ್ ಕಂಪನಿ. 'ಸ್ಮೌಲ್ಡರ್‌ಡೇಲ್' ತಮ್ಮ ಟ್ರೇಡ್‌ಮಾರ್ಕು, ಹದಿನಾಲ್ಕು ದಿನದೊಳಗೆ ಅದರ ಬಳಕೆ ನಿಲ್ಲಿಸಿ ವಿಳಾಸವನ್ನು ತಮಗೆ ಒಪ್ಪಿಸತಕ್ಕದ್ದು ಎಂದಿತ್ತು. ಶಾಲೆಯಲ್ಲಿ ಒಂದು ವಿಷಯಕ್ಕೂ ಮಾರ್ಕು ಬಾರದ ನನಗೆ ಈ ವಯಸ್ಸಿನಲ್ಲಿ ಟ್ರೇಡ್‌ಮಾರ್ಕು! ನನ್ನ ಎದೆ ಎರಡಿಂಚು ಅಗಲವಾಯಿತು.

"ನೋಟಿಸು ಬಂತು ಅಂದ್ರೆ ಏನರ್ಥ ಗೊತ್ತಾ? ನನ್ನನ್ನ ನೋಟಿಸ್ ಮಾಡಿದಾರೆ ಅಂತ! ನನ್ನ ನಕ್ಷೆ ಕಂಡು ಅವರಿಗೆ ನಡುಕ ಹುಟ್ಟಿದೆ."

"ಪೂರ್ತಿ ಓದಿದ್ಯಾ?"

"ಮೊದಲನೇ ಪುಟ ಸಾಕಲ್ಲ."

"ಐದು ಪುಟ ಇದೆ, ನಾರ್ಮನ್."

"ಮಿಕ್ಕಿದ್ದು ಬರೀ ಪಟ್ಟಿ. ಯುದ್ಧಕ್ಕೆ ಹೊರಟವನು ಪಟ್ಟಿ ಓದ್ಕೊಂಡು ಕೂರ್ತಾನಾ?"

ಮ್ಯೂರಿಯಲ್ ಕೈ ಒರೆಸಿಕೊಂಡು ಐದೂ ಪುಟಗಳನ್ನು ಓದಿದಳು. ನಾಲ್ಕನೆಯ ಪುಟಕ್ಕೆ ಬಂದಾಗ ಅವಳ ತುಟಿ ಬಿಗಿಯಾಯಿತು. ಆ ಪುಟವನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, "ನಾನು ಲೈಬ್ರರಿಗೆ ಹೋಗಿ ಬರ್ತೀನಿ," ಎಂದಳು. ಗಂಡ ಸಾಮ್ರಾಜ್ಯ ಕಳೆದುಕೊಳ್ಳುವ ಹೊತ್ತಿನಲ್ಲಿ ಹೆಂಡತಿಗೆ ಕಾದಂಬರಿಯ ಚಿಂತೆ! ಅಂದು ಮಾತ್ರವಲ್ಲ, ಆಮೇಲೂ ಮೂರು ದಿನ ಹೋದಳು.

ನಾನು ಸುಮ್ಮನಿರಲಿಲ್ಲ. ಬಸ್ಸಿನವರ ಸಂಘದಲ್ಲಿ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದ ಬ್ಯಾರಿ ಗ್ರೀನ್‌ವುಡ್‌ನನ್ನು ಪಬ್ಬಿನಲ್ಲಿ ಹಿಡಿದೆ.

"ಹೆದರಬೇಡ ಕಣಯ್ಯ," ಎಂದ ಬ್ಯಾರಿ, ಗ್ಲಾಸು ಕುಕ್ಕಿ. "ಮುಷ್ಕರ ಹೂಡೋಣ."

"ಯಾರು ಮುಷ್ಕರ ಹೂಡೋದು? ನಾನು ರಿಟೈರ್ ಆಗಿದೀನಿ."

"ಅದೇ ನಮ್ಮ ಬಲ. ನಿನ್ನನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ."

ಈ ತರ್ಕದಲ್ಲಿ ಎಲ್ಲೋ ತೂತಿದೆ ಅನ್ನಿಸಿದರೂ ಧೈರ್ಯ ಬಂತು. ಊರಿನ ಪತ್ರಿಕೆಗೆ ಫೋನು ಮಾಡಿ "ದೈತ್ಯನ ಎದುರು ಒಬ್ಬಂಟಿ" ಎಂಬ ಶೀರ್ಷಿಕೆಯನ್ನು ನಾನೇ ಸೂಚಿಸಿದೆ. (ಅವರು "ನೋಡೋಣ" ಎಂದರು. ಆ ವಾರ ಯಾರದೋ ಮೇಕೆ ಕಾಲುವೆಗೆ ಬಿದ್ದಿತ್ತು.) ಇಡೀ ಬೀದಿಗೆ ಪತ್ರದ ಮೊದಲ ಪುಟದ ಪ್ರತಿ ಹಂಚಿದೆ. ಪಕ್ಕದ ಮನೆಯವಳು "ಪಾಪ, ಮನೆ ಖಾಲಿ ಮಾಡಿಸ್ತಿದಾರಾ?" ಎಂದು ಮಾಂಸ, ಆಲೂಗಡ್ಡೆಯ ಶೆಪರ್ಡ್ಸ್ ಪೈ ಮಾಡಿಕೊಂಡು ಬಂದಳು. ಅದನ್ನೂ ವೀರನಿಗೆ ಸಂದ ಕಾಣಿಕೆಯೆಂದೇ ಸ್ವೀಕರಿಸಿದೆ.

ಐದನೆಯ ದಿನ ಮ್ಯೂರಿಯಲ್ ಶಾಂತವಾಗಿ, "ಶುಕ್ರವಾರ ಮಧ್ಯಾಹ್ನ ಆ ವಕೀಲೆ ಟೀಗೆ ಬರ್ತಾ ಇದಾಳೆ. ಕಾಲರ್ ಇರೋ ಅಂಗಿ ಹಾಕ್ಕೋ," ಎಂದಳು.

"ಯಾವ ವಕೀಲೆ?"

"ಪತ್ರ ಬರೆದವಳು. ಕೆಳಗೆ ಫೋನ್ ನಂಬರ್ ಇತ್ತು, ಮಾಡಿದೆ. ಇಲ್ಲೇ ಹತ್ರ ಲೀಡ್ಸಿಗೆ ಬರೋ ಕೆಲಸ ಇತ್ತಂತೆ. ಒಳ್ಳೆ ಹುಡುಗಿ."

"ಶತ್ರುವನ್ನ ಟೀಗೆ ಕರೆದ್ಯಾ!"

"ಕೇಕ್ ಕೂಡ ಮಾಡ್ತೀನಿ."

ಶುಕ್ರವಾರ ನಮ್ಮ ಮುಂದಿನ ಕೋಣೆಯನ್ನು ರಣರಂಗವಾಗಿ ಮಾರ್ಪಡಿಸಿದೆ. ನಾಲ್ಕೂ ಗೋಡೆಗೆ ನಕ್ಷೆ ಅಂಟಿಸಿದೆ. ನನ್ನ ಎಡಕ್ಕೆ ಬ್ಯಾರಿ, ಸಂಘದ ಬಿಲ್ಲೆ ಸಿಕ್ಕಿಸಿಕೊಂಡು ಕುಳಿತಿದ್ದ. ಮಿಸ್ ಪೆಂಬರ್ಟನ್ ಎಂಬ ಆ ವಕೀಲೆಗೆ ಮೂವತ್ತೂ ದಾಟಿರಲಿಲ್ಲ. ಬಂದವಳೇ ಗೋಡೆ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದಳು.

ಹೊಗಳಿಕೆ ಶತ್ರುವಿನ ಮೊದಲ ಅಸ್ತ್ರವೆಂದು ಬ್ಯಾರಿ ಹೇಳಿಕೊಟ್ಟಿದ್ದ. ನಾನು ಎದ್ದು ನಿಂತು ಭಾಷಣ ಆರಂಭಿಸಿದೆ. ಸ್ವಾತಂತ್ರ್ಯ, ನಮ್ಮ ಯಾರ್ಕ್‌ಷೈರ್ ಸೀಮೆಯ ಸ್ವಾಭಿಮಾನ, ಸಾರಿಗೆಯ ಇತಿಹಾಸ, ಎಲ್ಲವನ್ನೂ ಮುಟ್ಟಿದೆ. "ನನ್ನ ಪ್ರಾಣ ಹೋದರೂ ಈ ನಕ್ಷೆಗಳನ್ನು ತೆಗೆಯಲಾರೆ!" ಎಂದು ಮುಗಿಸಿದಾಗ ಬ್ಯಾರಿ ಒಬ್ಬನೇ ಚಪ್ಪಾಳೆ ತಟ್ಟಿದ.

"ಮಿಸ್ಟರ್ ಸಗ್ಡೆನ್," ಎಂದಳು ಅವಳು ಬಹಳ ಮೃದುವಾಗಿ, "ನಕ್ಷೆ ತೆಗೀರಿ ಅಂತ ಯಾರು ಹೇಳಿದ್ರು?"

"ನೀವೇ! ಪತ್ರದಲ್ಲಿ!"

"ವಿಳಾಸ ಬದಲಾಯಿಸಿ, ಇದು ಕಂಪನಿಯ ಸೈಟ್ ಅಲ್ಲ ಅಂತ ಒಂದು ಸಾಲು ಹಾಕಿ ಅಂದಿದೀವಿ ಅಷ್ಟೇ. ನಿಜ ಹೇಳಬೇಕು ಅಂದ್ರೆ, ನಕ್ಷೆ ಪುಟಕ್ಕೆ ದಿನಕ್ಕೆ ಮೂವತ್ತು ಜನ ಬಂದ್ರೆ ಹೆಚ್ಚು. ಮಿಕ್ಕವರೆಲ್ಲ ಹೋಗೋದು ನಿಮ್ಮ ಹೆಂಡತಿಯ ಮೂಲೆಗೆ. ನಾಲ್ಕನೇ ಪುಟ ಓದಲಿಲ್ವಾ?"

ನಾನು ಮ್ಯೂರಿಯಲ್ ಕಡೆ ತಿರುಗಿದೆ. ಅವಳು ಏಪ್ರನ್ನಿನಿಂದ ನಾಲ್ಕನೆಯ ಪುಟ ತೆಗೆದು ನನ್ನ ಕೈಗಿತ್ತಳು. ಅಲ್ಲಿ ಆಪಾದನೆಗಳ ಪಟ್ಟಿಯಿತ್ತು. ಹಸಿರು ಡ್ರ್ಯಾಗನ್ ಕುಲಾವಿ, ಕೆಂಪು ಡ್ರ್ಯಾಗನ್ ಕುಲಾವಿ, ಬೇಯಿಸಿದ ಮೊಟ್ಟೆಗೆ ತೊಡಿಸುವ ಮರಿ ಡ್ರ್ಯಾಗನ್ ಕುಲಾವಿ. ಹೀಗೆ ಹತ್ತೊಂಬತ್ತು. ಆ ಪಟ್ಟಿಯಲ್ಲಿ ನನ್ನ ನಕ್ಷೆಗಳ ಹೆಸರು ಎಲ್ಲೂ ಇರಲಿಲ್ಲ. ಕಂಪನಿ ನಡುಗಿದ್ದು ನಿಜ, ಆದರೆ ನನ್ನ ಹೆಂಡತಿಯ ಹೆಣಿಗೆಯ ಕಡ್ಡಿಗೆ!

ಬ್ಯಾರಿ ಮೆಲ್ಲಗೆ ತನ್ನ ಕುರ್ಚಿಯನ್ನು ಮ್ಯೂರಿಯಲ್ ಪಕ್ಕಕ್ಕೆ ಸರಿಸಿಕೊಂಡ. (ಸಂಘದವರು ಗಾಳಿ ಬೀಸುವ ದಿಕ್ಕು ಬೇಗ ಗುರುತಿಸುತ್ತಾರೆ.)

ಅಷ್ಟರಲ್ಲಿ ಮ್ಯೂರಿಯಲ್ ಟೀ ಬಗ್ಗಿಸಿದಳು. ಆಪಾದಿತ ಡ್ರ್ಯಾಗನ್ ಸಾಕ್ಷಾತ್ ವಕೀಲೆಯ ಕಪ್ಪಿನ ಮೇಲೆ ಹೊಗೆಯುಗುಳಿತು. ಮಿಸ್ ಪೆಂಬರ್ಟನ್ ನಗು ತಡೆಯಲು ಕೇಕಿನ ತುಂಡು ಬಾಯಿಗಿಟ್ಟುಕೊಂಡಳು.

"ನೋಡಮ್ಮ," ಎಂದಳು ಮ್ಯೂರಿಯಲ್, "ಲೈಬ್ರರಿಲಿ ಕೂತು ಟ್ರೇಡ್‌ಮಾರ್ಕ್ ನೋಂದಣಿ ಪುಸ್ತಕ ಎಲ್ಲಾ ನೋಡ್ದೆ. ನೀವು ಈ ಹೆಸರನ್ನ ಬರೆಸಿರೋದು ನಾಲ್ಕು ಬಗೆ ಸರಕಿಗೆ. ಕಂಪ್ಯೂಟರ್ ಆಟ, ಗೊಂಬೆ, ಪುಸ್ತಕ, ಉಡುಪು."

"ಹೌದು. ಕುಲಾವಿ ಉಡುಪೇ ಅಲ್ವಾ?"

"ಮನುಷ್ಯರು ಹಾಕ್ಕೊಂಡ್ರೆ ಉಡುಪು. ಟೀಪಾಟು ಮನುಷ್ಯ ಅಲ್ಲ. ಇದು ಅಡುಗೆಮನೆ ಬಟ್ಟೆ, ಬೇರೆ ವರ್ಗ. ಅದನ್ನ ನೀವು ಬರೆಸೇ ಇಲ್ಲ."

ವಕೀಲೆ ಕಪ್ಪು ಕೆಳಗಿಟ್ಟಳು.

"ಕೋರ್ಟಿಗೆ ಹೋದ್ರೆ ನಾವೇ ಗೆಲ್ಲಬಹುದು, ಮಿಸೆಸ್ ಸಗ್ಡೆನ್. ಹೆಸರು ಅಷ್ಟು ಪ್ರಸಿದ್ಧವಾದಾಗ ಬೇರೆ ಸರಕಿಗೂ ಅದು ಸಲ್ಲುತ್ತೆ ಅಂತ ವಾದ ಮಾಡ್ತೀವಿ. ಹೆಸರನ್ನ ನಾವು ಕಾಯದೇ ಹೋದ್ರೆ ನಾಳೆ ಯಾರೋ ಕಳಪೆ ಮಾಲಿಗೆ ಹಚ್ತಾರೆ."

"ಅದು ಸರಿಯಾದ ಮಾತು," ಎಂದಳು ಮ್ಯೂರಿಯಲ್. "ನಾನು ಹದಿನಾರು ವರ್ಷದವಳಿದ್ದಾಗಿಂದ ಇಲ್ಲಿನ ಉಣ್ಣೆ ಮಿಲ್ಲಲ್ಲಿ ಇದ್ದೆ. ನಮ್ಮ ಮಿಲ್ಲಿನ ಹೆಸರನ್ನೂ ಹೀಗೇ ಯಾರ್ಯಾರೋ ಹಾಕ್ಕೋತಿದ್ರು, ಹೊಟ್ಟೆ ಉರೀತಿತ್ತು. ಮಿಲ್ಲು ಮುಚ್ಚಿ ಹತ್ತು ವರ್ಷ ಆಯ್ತು. ಈಗ ನಾನೂ ಸೇರಿ ಆರು ಜನ ಹಳೇ ಜೊತೆಗಾರ್ತಿಯರು ಬುಧವಾರ ಇಲ್ಲಿ ಕೂತು ಹೆಣೀತೀವಿ. ನಮ್ಮ ಕೈಕೆಲಸ ಬರಲಿ ಅಂತ ಎಲ್ಲೆಲ್ಲೋ ಜನ ಕಾಯ್ತಾ ಇದಾರೆ. ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ. ಆದರೆ ಒಂದು ಎಳೆ ಹಿಡಿದು ಎಳೆದು ನೋಡಿ, ಕಳಪೆ ಅನ್ನಿ ನೋಡೋಣ."

ಮಿಸ್ ಪೆಂಬರ್ಟನ್ ಡ್ರ್ಯಾಗನ್ನಿನ ಕಿವಿ ಹಿಡಿದು ಎಳೆದಳು. ಅದು ಬಗ್ಗಲಿಲ್ಲ. ಮ್ಯೂರಿಯಲ್ ಕೂಡ ಬಗ್ಗಿರಲಿಲ್ಲ. ಆ ಕ್ಷಣ ನನಗೆ ಒಂದು ವಿಚಿತ್ರ ಅನುಭವವಾಯಿತು. ಅಗಲವಾಗಿದ್ದ ನನ್ನ ಎದೆ ಕುಗ್ಗಬೇಕಿತ್ತು, ನ್ಯಾಯವಾಗಿ. ಅದು ಇನ್ನೂ ಅಗಲವಾಯಿತು. ಈ ಹೆಂಗಸು ನನ್ನ ಹೆಂಡತಿ ಎಂದು ಬೀದಿಗೆ ಹೋಗಿ ಕೂಗಬೇಕೆನಿಸಿತು. (ಬೀದಿಯವರಿಗೆ ಅದು ಮೊದಲೇ ಗೊತ್ತಿತ್ತು.)

"ಟೀಪಾಟು ಮನುಷ್ಯ ಅಂತ ಜಡ್ಜ್ ಮುಂದೆ ನಿಂತು ವಾದಿಸೋಕೆ ನನಗೂ ಆಸೆಯಿಲ್ಲ," ಎಂದು ವಕೀಲೆ ನಕ್ಕಳು. "ಮೇಲಿನವರ ಹತ್ರ ಮಾತಾಡ್ತೀನಿ. ಇನ್ನೊಂದು ತುಂಡು ಕೇಕ್ ಸಿಗುತ್ತಾ?"

ಮೂರು ವಾರಕ್ಕೆ ಎರಡನೆಯ ಲಕೋಟೆ ಬಂತು, ಈ ಸಲ ನೇರವಾಗಿ 'ಶ್ರೀಮತಿ ಮ್ಯೂರಿಯಲ್ ಸಗ್ಡೆನ್' ಎಂಬ ಹೆಸರಿಗೆ. ಕಂಪನಿ ಅವಳ ಕುಲಾವಿಗಳಿಗೆ ಅಧಿಕೃತ ಪರವಾನಗಿ ಕೊಟ್ಟಿತ್ತು. ಪ್ರತಿಯೊಂದಕ್ಕೂ ಚಿಕ್ಕ ಬೆಳ್ಳಿ ಬಣ್ಣದ ಮುದ್ರೆ. ಸೈಟಿನ ವಿಳಾಸ ಬದಲಾಗಿ 'ಮ್ಯೂರಿಯಲ್‌ಳ ಕುಲಾವಿಗಳು' ಎಂದಾಯಿತು. ನನ್ನ ನಕ್ಷೆಗಳಿಗೆ ಆ ಸೈಟಿನಲ್ಲಿ ಒಂದು ಮೂಲೆ ಸಿಕ್ಕಿತು (ದೊಡ್ಡ ಮನಸ್ಸು ಅವಳದು). ಅದರ ತಲೆಯ ಮೇಲೆ ನಾನೇ ಕೈಯಾರೆ ಟೈಪು ಮಾಡಿದ ಸಾಲು ಇದೆ: "ಈ ಪುಟದಲ್ಲಿರುವುದಕ್ಕೆ ಯಾರ ಒಪ್ಪಿಗೆಯೂ ಇಲ್ಲ." ಹೀಗೆ ಒಂದೇ ಸೂರಿನ ಕೆಳಗೆ ಹೆಂಡತಿ ಅಧಿಕೃತ, ಗಂಡ ಅನಧಿಕೃತ.

ಮುಂದಿನ ವಸಂತದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆಟಗಳ ದೊಡ್ಡ ಮೇಳವಾಯಿತು. ಕಂಪನಿಯ ಮಳಿಗೆಯಲ್ಲೇ ಮ್ಯೂರಿಯಲ್‌ಗೆ ಮೇಜು. ಅದರ ಮುಂದೆ, ಬಸ್ ನಿಲ್ದಾಣದಲ್ಲೂ ನಾನು ಕಂಡಿರದಷ್ಟು ಉದ್ದದ ಸಾಲು. ಅವಳ ಐವರು ಜೊತೆಗಾರ್ತಿಯರು ಹಬ್ಬದ ಬಟ್ಟೆ ತೊಟ್ಟು, ತಲೆ ಎತ್ತಿಕೊಂಡು ನಿಂತಿದ್ದರು. ನಾನು ಪೆಟ್ಟಿಗೆ ಬಿಚ್ಚಿಕೊಡುವ ಹುದ್ದೆಯಲ್ಲಿದ್ದೆ. ಪ್ರತಿ ಗಿರಾಕಿಗೂ "ನನ್ನ ಹೆಂಡತಿ" ಎಂದು ಯಾರೂ ಕೇಳದೆಯೇ ಪರಿಚಯಿಸುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಸಾಲಿನಿಂದ ಒಬ್ಬ ಹೆಂಗಸು ನನ್ನನ್ನೇ ದಿಟ್ಟಿಸಿ ನೋಡಿ, "ನೀವು... ನಕ್ಷೆಯ ನಾರ್ಮನ್ ಅಲ್ವಾ?" ಎಂದಳು.

ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟೆ. ಅಂಗಿ ಸರಿಮಾಡಿಕೊಂಡೆ. "ಹೌದಮ್ಮ, ನಾನೇ," ಎಂದೆ, ಮ್ಯೂರಿಯಲ್‌ಗೆ ಕೇಳಿಸುವಷ್ಟು ಗಟ್ಟಿಯಾಗಿ.

ಅವಳು ನನ್ನ ಎರಡೂ ಕೈ ಹಿಡಿದು ಕುಲುಕಿದಳು. "ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ! ನಿಮ್ಮ ಏಳನೇ ನಂಬರ್ ಮಾರ್ಗ ಹಿಡಿದು ಹನ್ನೊಂದು ಸಲ ಜೌಗಿಗೆ ಬಿದ್ದು ಸತ್ತೆ. ಆಮೇಲೆ ಆ ಆಟಕ್ಕೆ ಕೈಮುಗಿದು, ನಿಮ್ಮ ಹೆಂಡತಿ ಪುಟ ನೋಡ್ಕೊಂಡು ಹೆಣಿಗೆ ಕಲಿತೆ. ಈಗ ಎಷ್ಟು ನೆಮ್ಮದಿ ಗೊತ್ತಾ?"

ಸಾಲೆಲ್ಲ ಗೊಳ್ಳೆಂದಿತು. ಮ್ಯೂರಿಯಲ್ ಕೂಡ, ಅಧಿಕೃತವಾಗಿ.

ನಾನು ಮಾತ್ರ ಗಂಭೀರವಾಗಿ ತಲೆಬಾಗಿ ಕೃತಜ್ಞತೆ ಸ್ವೀಕರಿಸಿದೆ. ಜನರನ್ನು ಸರಿಯಾದ ಜಾಗಕ್ಕೆ ತಲುಪಿಸುವುದೇ ನನ್ನ ಜೀವಮಾನದ ಕೆಲಸ. ಆಕೆ ಜೌಗಿನ ದಾರಿಯಲ್ಲಿ ಬಂದರೂ, ಬಂದು ತಲುಪಿದ್ದು ನನ್ನ ಹೆಂಡತಿಯ ಮೇಜಿಗೇ ಅಲ್ಲವೇ?