ಅಕ್ಕಾರ ಪಗಾರ, ಸರ್ ಪಗಾರ

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ, ಮೂರೂ ಊರಿನ ಖಾಸಗಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವಳು ನಾನು. ಓದು ಒಂದೇ, ಕೆಲಸ ಒಂದೇ, ಆದರೂ ಎಲ್ಲ ಕಡೆ ಸರ್ ಪಗಾರ ಜಾಸ್ತಿ, ಅಕ್ಕಾರ, ಅಂದರೆ ನನ್ನಂಥ ಶಿಕ್ಷಕಿಯರ, ಪಗಾರ ಕಮ್ಮಿ. ಯಾಕೆಂದು ಕೇಳುವ ಚಟ ನನ್ನನ್ನು ಬಿಟ್ಟಿಲ್ಲ. ಹೊಸ ಹೊಸ ಕಾರಣ ಹೇಳುವ ಚಟ ಶಾಲೆ ನಡೆಸುವವರನ್ನೂ ಬಿಟ್ಟಿಲ್ಲ.

೧. ಪೌಡರ್ ಖರ್ಚು

ಮೊದಲ ಸಂದರ್ಶನ ರಾಣೆಬೆನ್ನೂರಿನಲ್ಲಿ. ಶಾಲೆಯ ಅಧ್ಯಕ್ಷರು ಪಗಾರ ಹೇಳಿದರು. "ಭಾಳ ಕಮ್ಮಿ ಆತಲ್ರಿ" ಎಂದೆ.

"ಮನ್ಯಾಗ ಯಜಮಾನ್ರು ದುಡೀತಾರಲ್ರಿ. ನಿಮಗ ಪಗಾರ ಅಂದ್ರ ಪೌಡರ್ ಖರ್ಚಿಗೆ."

"ನನಗಿನ್ನೂ ಮದುವಿ ಆಗಿಲ್ರಿ."

"ಹಂಗಾರ ಖರ್ಚೇ ಇಲ್ಲಲ್ರಿ!" ಎಂದರು, ಬಹಳ ಖುಷಿಯಿಂದ.

ಅವತ್ತೇ ಸೇರಿದ ಮೇಡ್ಲೇರಿಯ ಸರ್‌ಗೂ ಮದುವೆ ಆಗಿರಲಿಲ್ಲ. ಅವರಿಗೆ ಮಾತ್ರ ಜಾಸ್ತಿ ಕೊಟ್ಟರು. ಅದ್ಯಾಕ್ರಿ ಎಂದರೆ, "ನಿಮ್ಮಷ್ಟ ಪಗಾರ ಕೊಟ್ರ ಅಂವಗ ಹೆಣ್ಣು ಯಾರು ಕೊಡ್ತಾರ್ರಿ?"

೨. ಸೈಲೆನ್ಸ್

ಬ್ಯಾಡಗಿಯಲ್ಲಿ ಹೇಳಿದ ಕಾರಣ ಶಿಸ್ತು. ಗಂಡಸರ ದನಿಗೆ ಮಕ್ಕಳು ಹೆದರುತ್ತಾರಂತೆ. ಮೆಣಸಿನಕಾಯಿ ಸುಗ್ಗಿ, ಮಾರ್ಕೆಟ್ ಕಡೆಯಿಂದ ಘಾಟು ಗಾಳಿ ಬೀಸುತ್ತಿತ್ತು. ಪಕ್ಕದ ಕ್ಲಾಸಿನ ಸರ್ "ಸೈಲೆನ್ಸ್" ಎಂದು ಬಾಯಿ ತೆರೆದರೆ "ಸೈ" ಬರುತ್ತಿತ್ತು, ಉಳಿದದ್ದೆಲ್ಲ ಸೀನು. ಮಕ್ಕಳು ಕುಣಿದಾಡುತ್ತಿದ್ದವು. ನಾನು ಬಾಯಿ ತೆರೆಯದೆ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದೆ, ನನ್ನ ಕ್ಲಾಸು ಮಾತ್ರ ತಣ್ಣಗೆ ಬರೆಯುತ್ತಿತ್ತು.

ಹೆಡ್‌ಮಾಸ್ತರರನ್ನು ಕರೆದು ಎರಡೂ ಕ್ಲಾಸು ತೋರಿಸಿದೆ. "ಈಗ ಹೇಳ್ರಿ, ಪಗಾರ ಯಾರಿಗೆ ಜಾಸ್ತಿ ಕೊಡಬೇಕು?"

ಅವರು ಯೋಚಿಸಿ ಹೇಳಿದರು: "ಸರ್ ಎಷ್ಟು ಕಷ್ಟಪಡಾಕತ್ತಾರ ನೋಡ್ರಿ! ನೀವು ಏನೂ ಮಾಡಾಕತ್ತಿಲ್ಲ."

೩. ಹೊರಗಿನ ಕೆಲಸ

ಈಗ ಹಾವೇರಿಯಲ್ಲಿದ್ದೇನೆ. ಇಲ್ಲಿನ ಕಾರ್ಯದರ್ಶಿ ಹೇಳಿದ್ದು, "ಬ್ಯಾಂಕು, ಇಲಾಖೆ, ಹೊರಗಿನ ಕೆಲಸೆಲ್ಲ ಸರ್ ಮಾಡ್ತಾರ್ರಿ." ಖರೆ ಮಾತು. ಅವರು ಹೊರಗಿದ್ದಾಗ ಅವರ ಕ್ಲಾಸನ್ನೂ ನಾನೇ ನೋಡಿಕೊಳ್ಳುತ್ತಿದ್ದೆ.

"ನಾಳೆ ಹೊರಗಿನ ಕೆಲಸ ನಾ ಮಾಡತೇನಿ. ನನ್ನ ಒಂದನೇ ಕ್ಲಾಸು ಸರ್ ನೋಡ್ಲಿ" ಎಂದೆ. "ಅದೇನ್ ದೊಡ್ಡ ಕೆಲಸ?" ಎಂದು ಪಕ್ಕದಲ್ಲೇ ಇದ್ದ ಆ ಸರ್ ನಕ್ಕರು.

ಮರುದಿನ ಬ್ಯಾಂಕು, ಇಲಾಖೆ ಎರಡೂ ಮುಗಿಸಿ, ಚಹಾ ಕುಡಿದು, ಮಧ್ಯಾಹ್ನದೊಳಗೆ ಶಾಲೆಗೆ ಬಂದೆ. ನನ್ನ ಮಕ್ಕಳೆಲ್ಲ ವರಾಂಡದಲ್ಲಿ ಸಾಲಾಗಿ ಕೂತಿದ್ದವು. ಕ್ಲಾಸಿನ ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗೆ ಸರ್ ಬಾಗಿಲು ಬಡಿಯುತ್ತಿದ್ದರು.

"ಏನ್ರೋ ಇದು?"

ಮುಂದೆ ಕೂತ ಹುಡುಗಿ ಎದ್ದು ನಿಂತಳು. "ಅಕ್ಕಾರ, ಸರ್ ಭಾಳ ಗದ್ಲ ಮಾಡಾಕತ್ತಿದ್ರು. ಅದಕ್ಕ ಅವರನ್ನ ಒಳಗ ಹಾಕೇವ್ರಿ."

ಸದ್ದಿಗೆ ಓಡಿಬಂದ ಕಾರ್ಯದರ್ಶಿಯೇ ಚಿಲಕ ತೆಗೆದರು. ಸರ್ ಬೆವರು ಒರೆಸಿಕೊಳ್ಳುತ್ತ ಹೊರಬಂದು ಆಡಿದ ಮೊದಲ ಮಾತು, "ಅಕ್ಕಾರಿಗೆ ಲಗೂನ ನನ್ನಷ್ಟು ಪಗಾರ ಮಾಡ್ರಿ, ಇಲ್ಲಾಂದ್ರ ಇವರು ನಾಳೆನೂ ಹೊರಗಿನ ಕೆಲಸ ಮಾಡ್ತಾರ!"

ಮುಂದಿನ ತಿಂಗಳಿಂದ ಹಾಗೇ ಆಯಿತು. ಚಿಲಕ ತೆಗೆದ ದಿನವೇ ಕಾರ್ಯದರ್ಶಿ ನನ್ನ ಕಡೆ ತಿರುಗಿ, "ಸರ್‌ನಷ್ಟು ಕೊಟ್ರ ಸಾಕಲ್ರಿ?" ಎಂದು ಕೇಳಿದರು.

"ಸದ್ಯಕ್ಕ ಸಾಕ್ರಿ" ಎಂದೆ.